ಇನ್ನಾಸಿಯ ಪರಿಚಯ

"ಬೇಗೂರಿನ ಇನ್ನಾಸಿ, ವಯಸ್ಸು ಇಪ್ಪತ್ತನಾಲ್ಕು. ಸ್ವಾಮೀ, ಈತನ ಆತ್ಮಕ್ಕೆ ನಿತ್ಯ ವಿಶ್ರಾಂತಿಯನ್ನು ಕರುಣಿಸಿರಿ" ಎಂದು ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಒಬ್ಬ ಹೆಂಗಸಿನ ದನಿ ಹೇಳಿತು. ಅದರ ಬೆನ್ನಿಗೇ ಹತ್ತಾರು ದನಿಗಳು ಒಂದಕ್ಕೊಂದು ಎಡವಿಕೊಂಡು "ಅನಂತ ಜ್ಯೋತಿ ಈತನ ಮೇಲೆ ಪ್ರಕಾಶಿಸಲಿ" ಎಂದವು. ಬೇಗೂರಿನ ಇನ್ನಾಸಿ ಆ ಹೊತ್ತಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತಳ್ಳುಗಾಡಿಯ ಮುಂದೆ ನಿಂತು ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ.

ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪಕ್ಕದಲ್ಲಿದ್ದ ವಿಶ್ರುತ್, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇವನ ಜೊತೆ ಕೌಂಟರಿನಲ್ಲಿ ಕೂರುವವನು, "ಏನ್ ಮಗಾ, ಖಾರ ಆಯ್ತಾ?" ಎಂದ.

"ನಾನು ಸತ್ತೋಗಿದೀನಂತೆ ಗುರು. ಗ್ರೂಪಲ್ಲಿ ಪ್ರಾರ್ಥನೆ ಮಾಡ್ತಿದಾರೆ."

ವಿಶ್ರುತ್ ಬಜ್ಜಿ ನೆತ್ತಿಗೆ ಹತ್ತುವಷ್ಟು ನಕ್ಕ. "ಒಳ್ಳೇದೇ ಆಯ್ತು ಬಿಡು. ಸುಳ್ಳು ಸುಳ್ಳೇ ಸತ್ತ ಅಂತ ಸುದ್ದಿ ಆದ್ರೆ ಆಯಸ್ಸು ಜಾಸ್ತಿ ಆಗುತ್ತೆ ಅಂತ ನಮ್ಮಜ್ಜಿ ಹೇಳೋರು. ಇವತ್ತು ಬಜ್ಜಿ ನಿಂದೇ."

ಇನ್ನಾಸಿಗೂ ನಗು ಬರಬೇಕಿತ್ತು. ಬರಲಿಲ್ಲ.

ತಪ್ಪು ಯಾರದೆಂದು ಹುಡುಕುತ್ತ ಹೋದರೆ ಅದು ಇನ್ನಾಸಿಯ ಅವಸರದ್ದೇ. ಹಿಂದಿನ ಭಾನುವಾರ ಪೂಜೆ ಮುಗಿಸಿ ಹೊರಬರುವಾಗ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಎರಡು ಕ್ಯೂಆರ್ ಕೋಡುಗಳನ್ನು ಅಕ್ಕಪಕ್ಕ ಅಂಟಿಸಿದ್ದರು. ಒಂದು ದಕ್ಷಿಣ ಬೆಂಗಳೂರಿನ ಕಥೋಲಿಕ ಯುವಜನರ ವಾಟ್ಸಾಪ್ ಗುಂಪಿನದು. ಇನ್ನೊಂದು ನವೆಂಬರ್ ತಿಂಗಳಿಡೀ ತೀರಿಹೋದವರಿಗಾಗಿ ಜಪಸರ ಹೇಳುವ ಗುಂಪಿನದು. ಜನರ ನೂಕಾಟದಲ್ಲಿ ಇವನು ಫೋನು ಹಿಡಿದದ್ದು ಯಾವುದಕ್ಕೋ, ಒಳಹೊಕ್ಕದ್ದು ಯಾವುದಕ್ಕೋ. ಗುಂಪಿನ ಹೆಸರು 'ಒಂದೇ ಕುಟುಂಬ', ಚಿತ್ರ ಒಂದು ಮೇಣದಬತ್ತಿ. ಇಷ್ಟರಿಂದ ಯಾರಿಗೆ ಏನು ತಿಳಿಯಬೇಕು?

ಮೇಲುಗಡೆ ಸೂಚನೆ ಇತ್ತು: ಹೆಸರು, ವಯಸ್ಸು, ಊರು, ತಂದೆತಾಯಿ, ಸ್ವಭಾವದ ಬಗ್ಗೆ ಎರಡು ಮಾತು, ಜೊತೆಗೆ ಒಂದು ಒಳ್ಳೆಯ ಫೋಟೊ. ಕೆಳಗೆ ಬೇರೆಯವರು ಹಾಕಿದ್ದನ್ನೂ ಅವನು ನೋಡಿದ್ದ. ಹೆಚ್ಚಿನವು ನರೆತ ತಲೆಗಳು. ಅದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ನಮ್ಮಲ್ಲಿ ಯುವಕ ಸಂಘ ಎಂದರೆ ಮಗಳ ಮದುವೆ ಮಾಡಿದವರೂ ಕುರ್ಚಿ ಬಿಟ್ಟಿರುವುದಿಲ್ಲ. ಅವರೆಲ್ಲ ಬರೆದ ರೀತಿಯಲ್ಲೇ ಇವನೂ ಬರೆದ: 'ಇನ್ನಾಸಿ. ೨೪. ಬೇಗೂರು. ದಿವಂಗತ ಚೌರಪ್ಪ ಮತ್ತು ಆರೋಗ್ಯಮೇರಿಯವರ ಒಬ್ಬನೇ ಮಗ. ಮಾತು ಕಡಿಮೆ, ಎಲ್ಲರಿಗೂ ಬೇಕಾದವನು.' ಕೊನೆಯ ಮಾತು ಸುಳ್ಳು, ಆದರೆ ಪರಿಚಯದಲ್ಲಿ ಅಷ್ಟು ಸುಳ್ಳಿಗೆ ಜಾಗ ಇರುತ್ತದೆ. ಕೆಲಸದ ಅರ್ಜಿಗೆಂದು ತೆಗೆಸಿದ್ದ, ನೀಲಿ ಪರದೆಯ ಮುಂದೆ ಬಾಡಿಗೆ ಕೋಟು ತೊಟ್ಟು ನಗದೆ ಕೂತ ಫೋಟೊವನ್ನೂ ಹಾಕಿದ.

ಅಪ್ಪ ಹೋದ ಮೇಲೆ ಮನೆಯಲ್ಲಿ ಅಮ್ಮ, ಇವನು, ಒಂದು ಟಿ.ವಿ. ಲ್ಯಾಬಿನಲ್ಲಿ ಒಳ್ಳೆಯವರೇ ಇದ್ದರು, ಆದರೆ ಹಬ್ಬ ಬಂದರೆ ಅವರ ದಾರಿ ಬೇರೆ, ಇವನ ದಾರಿ ಬೇರೆ. ತನ್ನ ವಯಸ್ಸಿನವರು, ತನ್ನ ಹೆಸರನ್ನು ಎರಡು ಸಲ ಕೇಳದೆ ಹೇಳುವವರು ನಾಲ್ಕು ಜನ ಸಿಕ್ಕರೆ ಸಾಕೆಂದು ಅವನಿಗೆ ಆಸೆಯಾಗಿತ್ತು. ಹಾಗಾಗಿ ಫೋಟೊ ಹಾಕಿದ ಕೂಡಲೇ ಮುಗಿದ ಕೈಗಳೂ ಹೂಗಳೂ ಸಾಲಾಗಿ ಬಂದು, ಯಾರೋ 'ಇಷ್ಟು ಚಿಕ್ಕ ವಯಸ್ಸಿಗೇ!' ಎಂದು ಬರೆದಾಗ ಅವನು ನಿಜಕ್ಕೂ ಹಿಗ್ಗಿಹೋದ. ಆ ಹಿಗ್ಗಿನಲ್ಲೇ ಇವತ್ತು ಏಳು ಗಂಟೆಗೆ ಎಲ್ಲರೂ ಫೋನಿನಲ್ಲೇ ಸೇರಿ ಹೇಳುವ ಜಪಸರಕ್ಕೆ ಕಿವಿಗೊಟ್ಟಿದ್ದ.

ಬಜ್ಜಿಯ ಕಾಗದವನ್ನು ಬುಟ್ಟಿಗೆ ಎಸೆದು, ಜಪ ಮುಗಿಯುವ ತನಕ ಕಾದು, ಗುಂಪು ನಡೆಸುವವರ ನಂಬರಿಗೆ ಫೋನು ಮಾಡಿದ. ಎತ್ತಿಕೊಂಡದ್ದು ವಿಲ್ಸನ್ ಗಾರ್ಡನ್ನಿನ ರೆಜೀನಮ್ಮ ಟೀಚರ್, ಈಗಷ್ಟೇ ಅವನಿಗೆ ನಿತ್ಯ ವಿಶ್ರಾಂತಿ ಕೋರಿದ ಅದೇ ದನಿ.

"ಟೀಚರ್, ನಾನು ಇನ್ನಾಸಿ ಅಂತ. ಬೇಗೂರು."

ಆ ಕಡೆ ಏನೋ ಕೈಜಾರಿ ಬಿದ್ದ ಸದ್ದಾಯಿತು.

"ಟೀಚರ್, ನಾನು ಬದುಕಿದೀನಿ. ಗ್ರೂಪ್ ತಪ್ಪಾಗಿ ಸೇರ್ಕೊಂಡ್ಬಿಟ್ಟೆ."

"ಯೇಸುವೇ!" ಎಂದರು ಟೀಚರ್. ಆಮೇಲೆ ಸಾವರಿಸಿಕೊಂಡು ಅವನನ್ನು ಬೈದರು, ತಮ್ಮನ್ನು ಬೈದುಕೊಂಡರು, ಕ್ಯೂಆರ್ ಕೋಡು ಕಂಡುಹಿಡಿದವನನ್ನೂ ಬಿಡಲಿಲ್ಲ. "ಈಗಲೇ ತೆಗೀತೀನಿ ಮಗೂ. ನಾಳೆ ಎಲ್ಲರಿಗೂ ಹೇಳ್ತೀನಿ. ಆದ್ರೆ..." ಎಂದು ತಡೆದರು. "ನಿನ್ನ ಫೋಟೊ ಕೆಳಗೆ ಒಂದು ವಾಯ್ಸ್ ಮೆಸೇಜ್ ಬಂದಿದೆ ನೋಡಿದ್ಯಾ? ಉತ್ತರಹಳ್ಳಿಯಿಂದ. ನಮ್ಮ ತೆರೇಜಮ್ಮ ನರ್ಸು. ಅವರು ನಿನ್ನ ಬಲ್ಲೆ ಅಂತಿದಾರಪ್ಪ. ನೀನು ಹೋಗಿದ್ದು ಅವರ ಕೈಲೇ ಅಂತೆ. ಅದಕ್ಕೇ ನಂಗೂ ಅನುಮಾನ ಬರ್ಲಿಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕ ಮೇಲೆ ಅವನು ಅದನ್ನು ಕೇಳಿದ. ಮೊದಲು ಒಬ್ಬ ಹೆಂಗಸು, "ನಾನು ಸುಧಾಮಣಿ ಅಂತ, ಅಜ್ಜೀನ ನೋಡ್ಕೊಳ್ಳೋಳು. ಫೋಟೊ ತೋರಿಸ್ತಿದ್ದೆ, ಏನೋ ಹೇಳ್ಬೇಕಂತೆ, ಕೇಳಿ" ಎಂದಳು. ಆಮೇಲೆ ಉಸಿರು. ಆಮೇಲೆ ಒಣಗಿದ ಮುದಿದನಿ, ಒಂದು ಚೂರೂ ಅಳುಕಿಲ್ಲದ್ದು.

"ಇವನು ಗೊತ್ತು ನಂಗೆ. ಚೌರಪ್ಪನ ಮಗ. ಅವರಮ್ಮನ್ನ ಹಾಲಿನ ವ್ಯಾನಲ್ಲಿ ಕರ್ಕೊಂಡು ಬಂದಿದ್ರು. ಒಂದು ಗಳಿಗೆ ಇತ್ತು ಮಗು, ನನ್ನ ಕೈಲೇ ಹೋಯ್ತು." ಮತ್ತೆ ಉಸಿರು. "ಎಷ್ಟು ಬೆಳೆದಿದಾನೆ ನೋಡು ಸುಧಾ. ಅಲ್ಲೂ ಬೆಳೀತಾರೆ. ನಾನು ಅಂದ್ಕೊಂಡಿದ್ದೆ."

ಬಸ್ಸು ಬಿಟಿಎಂ ದಾಟಿ ಬೊಮ್ಮನಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಗಾಜಿನಲ್ಲಿ ತನ್ನ ಮುಖ ಕಂಡು ಇನ್ನಾಸಿ ಬೇರೆ ಕಡೆ ನೋಡಿದ. ಕಂಡಕ್ಟರ್ ಎರಡು ಸಲ ಹಾದುಹೋದರೂ ಇವನನ್ನು ಟಿಕೆಟ್ ಕೇಳಲಿಲ್ಲ. ಬೇರೆ ದಿನವಾಗಿದ್ದರೆ ಅದೃಷ್ಟ ಎಂದುಕೊಳ್ಳುತ್ತಿದ್ದ. ಇವತ್ತು ತಾನೇ ಎದ್ದು ಹೋಗಿ, "ಸಾರ್, ಬೇಗೂರು ಒಂದು" ಎಂದು ಕೈಚಾಚಿ ಟಿಕೆಟ್ ಪಡೆದು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಮನೆಯಲ್ಲಿ ಆರೋಗ್ಯಮೇರಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಇದನ್ನು ತಮಾಷೆಯ ಹಾಗೆ ಹೇಳಿ ಮುಗಿಸಿಬಿಡಬೇಕೆಂದು ಇನ್ನಾಸಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಹೇಳಿದ ಕೂಡ. ಕ್ಯೂಆರ್ ಕೋಡಿನ ತನಕ ಅಮ್ಮ ನಕ್ಕಳು. ಮುದುಕಿಯ ದನಿ ಕೇಳಿಸಿದಾಗ ಅವಳ ಬೆರಳು ಅವರೆಕಾಯಿಯ ಮೇಲೆ ನಿಂತಿತು.

"ಇನ್ನೊಂದ್ಸಲ ಹಾಕು" ಎಂದಳು. ಹಾಕಿದ. "ಇನ್ನೊಂದ್ಸಲ."

"ಯಾರೋ ತಲೆ ಕೆಟ್ಟಿರೋ ಅಜ್ಜಿ ಅಮ್ಮ. ಅಪ್ಪನ ಹೆಸರು ನಾನೇ ಬರ್ದಿದ್ನಲ್ಲ, ಓದಿರ್ತಾರೆ."

"ಹಾಲಿನ ವ್ಯಾನು ಬರ್ದಿದ್ಯಾ?"

ಬರೆದಿರಲಿಲ್ಲ. ಅಪ್ಪ ಹಿಂದೆ ಹಾಲಿನ ವ್ಯಾನು ಓಡಿಸುತ್ತಿದ್ದದ್ದು ಅವನಿಗೆ ಗೊತ್ತಿತ್ತು. ತಾನು ಹುಟ್ಟುವ ಹೊತ್ತಿಗೆ ಅದು ಮಾರಿಹೋಗಿ ಮನೆಗೆ ಆಟೊ ಬಂದಿತ್ತೆಂಬುದೂ ಗೊತ್ತಿತ್ತು.

ಅಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದಳು. ಇವನಿಗಿಂತ ಮೊದಲು ಒಂದು ಗಂಡು ಮಗು. ತಿಂಗಳು ತುಂಬುವ ಮೊದಲೇ ನೋವು ಬಂದು, ಹಾಲಿನ ಕ್ರೇಟುಗಳ ನಡುವೆ ಅವಳನ್ನು ಮಲಗಿಸಿಕೊಂಡು ಚೌರಪ್ಪ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಒಯ್ದಿದ್ದ. ಜ್ವರದ ಮಂಪರಿನಲ್ಲಿ ಹೆರಿಗೆಯಾದದ್ದು ಅವಳಿಗೆ ತಿಳಿದಿಲ್ಲ. ಜ್ವರ ಇಳಿದು ಕಣ್ಣು ಬಿಟ್ಟಾಗ ಚೌರಪ್ಪ ಎಲ್ಲ ಮುಗಿಸಿ ಬಂದಿದ್ದ. ಅಷ್ಟು ಹೊತ್ತಿಗೆ ಡ್ಯೂಟಿಯಲ್ಲಿದ್ದ ನರ್ಸು ಕೆಲಸ ಬಿಟ್ಟು ಕುವೈತಿಗೆ ಹೊರಟುಹೋಗಿದ್ದಳು. ವರ್ಷದೊಳಗೆ ಆ ನರ್ಸಿಂಗ್ ಹೋಮೂ ಮುಚ್ಚಿತು.

"ಸಮಾಧಿ ತೋಡೋನು ನಿಮ್ಮಪ್ಪನ್ನ ಕೇಳಿದ್ನಂತೆ, ಮಗೂಗೆ ನೀರು ಬಿತ್ತಾ ಅಂತ. ಇವರಿಗೇನು ಗೊತ್ತು? ಗೊತ್ತಿಲ್ಲ ಅಂದ್ರಂತೆ. ಹಳಬರು ಆಗ ಹಂಗೇ ತಾನೆ. ಜ್ಞಾನಸ್ನಾನ ಆಗದೇ ಇರೋ ಮಗೂನ ಸ್ಮಶಾನದ ಗೋಡೆ ಆಚೆಗೆ ಇಟ್ಬಿಟ್ರು."

ಜೀವ ಹೋಗುವ ಮಗುವಿಗೆ ಗುರುಗಳೇ ಬರಬೇಕೆಂದಿಲ್ಲ. ಪಕ್ಕದಲ್ಲಿದ್ದವರು ಯಾರಾದರೂ ತಲೆಗೆ ನೀರು ಹನಿಸಿ ಪಿತ, ಸುತ, ಪವಿತ್ರಾತ್ಮ ಎಂಬ ಮೂರು ಹೆಸರು ಹೇಳಿದರೆ ಸಾಕು, ಮಗು ದೇವರ ಮನೆಯದಾಯಿತು. ಇದನ್ನು ಇನ್ನಾಸಿ ಚಿಕ್ಕಂದಿನಲ್ಲಿ ಚರ್ಚಿನ ಮೊದಲ ಪ್ರಸಾದದ ಪಾಠದಲ್ಲೇ ಕಲಿತಿದ್ದ. ಆ ದಿನ ಪಕ್ಕದಲ್ಲಿದ್ದದ್ದು ಒಬ್ಬಳೇ ನರ್ಸು, ಅವಳು ನಮ್ಮವಳೋ ಅಲ್ಲವೋ ಎಂಬುದು ಕೂಡ ಅಮ್ಮನಿಗೆ ಇವತ್ತಿನವರೆಗೆ ಗೊತ್ತಿರಲಿಲ್ಲ. "ಫಾದರ್ ಹೇಳ್ತಾರೆ, ಈಗ ಹಂಗೆಲ್ಲ ಇಲ್ಲಮ್ಮ, ದೇವರ ಕರುಣೆ ದೊಡ್ಡದು ಅಂತ. ಇರ್ಬೋದು. ಆದ್ರೆ ಆ ಗೋಡೆ ಆಚೆ ಈಗ ಅಪಾರ್ಟ್ಮೆಂಟಿನ ಕಾರುಗಳು ನಿಲ್ತವೆ ಕಣೋ."

ಪ್ರತಿ ವರ್ಷ ಸತ್ತವರ ಹಬ್ಬದ ದಿನ ಅಮ್ಮ ಅಪ್ಪನ ಸಮಾಧಿಗೂ ಅಜ್ಜಿಯ ಸಮಾಧಿಗೂ ಮೇಣದಬತ್ತಿ ಹಚ್ಚಿ, ಉಳಿದ ಒಂದನ್ನು ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಿದ್ದಳು. ಹೆಚ್ಚಾದದ್ದನ್ನು ಎಲ್ಲೋ ಒಂದು ಕಡೆ ಇಡುತ್ತಾಳೆ ಎಂದೇ ಇವನು ತಿಳಿದಿದ್ದ.

"ಅವನಿಗೆ ಏನಂತ ಹೆಸರಿಡ್ಬೇಕು ಅಂತಿದ್ದೆ ನೀನು?" ಎಂದು ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಇನ್ನಾಸಿ."

"ಹಂಗಾದ್ರೆ ನಾನ್ಯಾರು?" ದನಿ ತಾನಾಗಿಯೇ ಏರಿತು. "ಇಷ್ಟು ವರ್ಷ ಅವನ ಹೆಸರಲ್ಲಿ ನನ್ನ ಕರೀತಿದ್ಯಾ? ಮೊದಲು ಹೇಳೋಕೇನಾಗಿತ್ತು?" ಅವನಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು ಬಂದಿತ್ತು. ಒಂದು ಗಳಿಗೆ ಬದುಕಿದ ಮಗುವಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಸಣ್ಣತನವೆಂದು ತಿಳಿದೂ ಬಂದಿತ್ತು.

ಅಮ್ಮ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಆ ಟೀಚರಮ್ಮಂಗೆ ಫೋನ್ ಮಾಡು. ಫೋಟೊ ತೆಗೀಬೇಡಿ ಅನ್ನು. ಭಾನುವಾರ ನನ್ನ ಉತ್ತರಹಳ್ಳಿಗೆ ಕರ್ಕೊಂಡ್ ಹೋಗು. ನೀರು ಬಿತ್ತಾ ಅಂತ ಒಂದೇ ಒಂದು ಮಾತು ಕೇಳ್ಬೇಕು ನಾನು."

ಇನ್ನಾಸಿ ಆ ರಾತ್ರಿಯೇ ಫೋನು ಮಾಡಿ ನಡೆದದ್ದನ್ನು ಹೇಳಿದ; ಫೋಟೊ ಇರಲಿ, ಸದ್ಯ ಯಾರಿಗೂ ಏನೂ ಹೇಳುವುದಿಲ್ಲ ಎಂದರು ಟೀಚರ್. ಮರುದಿನ ಸಂಜೆ ಅವನು ಕೆಲಸದಿಂದ ಬಂದಾಗ ಮುಂಬಾಗಿಲು ಓರೆಯಾಗಿತ್ತು. ದೇವರ ಪೀಠದ ಮುಂದೆ ಅಮ್ಮ ಮೊಣಕಾಲೂರಿ ಕೂತಿದ್ದಳು, ಅವಳ ಫೋನು ಮಾತೆಯ ಪ್ರತಿಮೆಗೆ ಒರಗಿ ನಿಂತಿತ್ತು. ಗುಂಪಿಗೆ ಅವಳೂ ಸೇರಿಕೊಂಡಿದ್ದಳು. ಫೋನಿನಿಂದ ಹೆಸರುಗಳು ಒಂದೊಂದಾಗಿ ಬರುತ್ತಿದ್ದವು. "ಬೇಗೂರಿನ ಇನ್ನಾಸಿ" ಎಂದಿತು ಟೀಚರ್ ದನಿ, ವಯಸ್ಸು ಹೇಳಲಿಲ್ಲ. "ಅನಂತ ಜ್ಯೋತಿ ಈತನ ಮೇಲೆ ಪ್ರಕಾಶಿಸಲಿ" ಎಂದು ಅಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಅವನು ಹೊಸ್ತಿಲಲ್ಲೇ ನಿಂತ. ಅಮ್ಮ ತಿರುಗಿ ನೋಡಿದಳು, ಅವನ ಮುಖವನ್ನೂ ನೋಡಿದಳು, ಯಾರೋ ದಾರಿಹೋಕ ಇಣುಕಿದ ಹಾಗೆ ಮತ್ತೆ ಪೀಠದ ಕಡೆ ತಿರುಗಿದಳು. ಜಪ ಮುಗಿಯುವ ತನಕ ಅವನಿಗೆ ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ. ಮುಗಿದ ಮೇಲೆ ಅವಳು ಎಂದಿನ ಹಾಗೆ, "ಯಾವಾಗ ಬಂದ್ಯೋ? ಕೈಕಾಲು ತೊಳ್ಕೊ, ಹುಳಿ ಬಿಸಿ ಇದೆ" ಎಂದಳು. ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಭಾನುವಾರ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಸಮಾಧಾನ ಕೋರಿಕೊಳ್ಳುವ ಹೊತ್ತಿಗೆ ಮುಂದಿನ ಬೆಂಚಿನ ಮುದುಕಿ ಕೈಮುಗಿಯುತ್ತ ಹಿಂದಕ್ಕೆ ತಿರುಗಿದವಳು ಗುಂಪಿನ ಫೋಟೊದಲ್ಲಿ ನೋಡಿದ್ದ ಮುಖವನ್ನೇ ಎದುರಿಗೆ ಕಂಡು ಹಾಗೇ ಉಳಿದಳು. ಅವಳ ತುಟಿ ಅಲುಗಿತು. ಆಮೇಲೆ ಬಲು ನಿಧಾನವಾಗಿ, ಎದುರಿಗಿದ್ದವನಿಗೆ ನೋವಾಗಬಾರದೆಂಬಂತೆ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮುಂದಕ್ಕೆ ತಿರುಗಿದಳು. ಅವಳನ್ನು ಹಿಡಿದು ನಿಲ್ಲಿಸಿ 'ನಾನು ಬದುಕಿದೀನಿ ಅಜ್ಜಿ' ಎನ್ನಬಹುದಿತ್ತು. ಬೆಂಚಿನ ಅಂಚನ್ನು ಹಿಡಿದುಕೊಂಡ, ಅಷ್ಟೆ.

ಉತ್ತರಹಳ್ಳಿಯ ಮುಖ್ಯರಸ್ತೆಯಿಂದ ಒಳಗೆ, ಕೆಳಗೆ ಹಾರ್ಡ್‌ವೇರ್ ಅಂಗಡಿ ಇದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ನರ್ಸಮ್ಮನ ತಮ್ಮನ ಮಗನ ಮನೆ. ಮನೆಯವರು ಊರಲ್ಲಿರಲಿಲ್ಲ. ಬಾಗಿಲು ತೆರೆದ ಸುಧಾಮಣಿ ಇನ್ನಾಸಿಯನ್ನು ನೋಡಿ ಬಾಗಿಲ ಚಿಲಕವನ್ನು ಬಿಡದೆ ಹಿಡಿದುಕೊಂಡಳು. "ಫೋನ್ ಮಾಡಿದ್ದು ನೀವೇನಾ ಅಣ್ಣ? ಕೇಳಿದ್ದೆ, ಆದ್ರೂ ನೋಡ್ದಾಗ ಎದೆ ಝಲ್ ಅಂತು. ಬನ್ನಿ, ಬನ್ನಿ ಆಂಟಿ. ಒಂದೊಂದ್ಸಲ ಸರಿಯಾಗಿ ಮಾತಾಡ್ತಾರೆ, ಒಂದೊಂದ್ಸಲ ಇಲ್ಲ. ಬೇಜಾರ್ ಮಾಡ್ಕೋಬೇಡಿ."

ಒಳಕೋಣೆಯಲ್ಲಿ ಕಿಟಕಿಗೆ ಪರದೆ ಎಳೆದಿತ್ತು. ಮಂಚದ ಮೇಲೆ ಬಿಳಿ ಹೊದಿಕೆಯೊಳಗೆ ಸಣ್ಣದೊಂದು ದೇಹ ದಿಂಬಿಗೆ ಒರಗಿ ಕೂತಿತ್ತು. ಕೂದಲು ತುಂಡಾಗಿ ಕತ್ತರಿಸಿದ್ದರು. ಕೈಗಳು ಮಾತ್ರ ದೊಡ್ಡವು, ಉಗುರು ಚೊಕ್ಕವಾಗಿದ್ದವು.

ಆರೋಗ್ಯಮೇರಿ ಮಂಚದ ಪಕ್ಕ ನಿಂತು ಕೈಮುಗಿದಳು. ಹಾಲಿನ ವ್ಯಾನು ಎಂದಳು, ಜ್ವರ ಎಂದಳು, ಚೌರಪ್ಪ ಎಂದಳು. ತೆರೇಜಮ್ಮ ಅವಳನ್ನು ಸೌಜನ್ಯದಿಂದ ನೋಡಿ, "ಟೋಕನ್ ತಗೊಂಡ್ರಾ ಅಮ್ಮ? ಹೊರಗೆ ಕೂತ್ಕೊಳ್ಳಿ, ಕರೀತಾರೆ" ಎಂದರು. ಅಮ್ಮ ಮತ್ತೆ ಕೇಳಿದಳು. ಮುದುಕಿಯ ಕಣ್ಣು ಅವಳನ್ನು ದಾಟಿ ಬಾಗಿಲ ಹತ್ತಿರ ನಿಂತಿದ್ದ ಇನ್ನಾಸಿಯ ಮೇಲೆ ಹೋಗಿ ನಿಂತಿತು.

"ಬಂದ್ಯಾ?" ಎಂದರು.

ಅಮ್ಮ ಅವನ ತೋಳು ಹಿಡಿದು ಮುಂದಕ್ಕೆ ಎಳೆದಳು. "ನೀನು ಕೇಳು" ಎಂದು ಪಿಸುಗುಟ್ಟಿದಳು. "ನಿನ್ ಜೊತೆ ಮಾತಾಡ್ತಾರೆ. ಕೇಳೋ."

"ನಾನು ಅವನಲ್ಲ ಅಮ್ಮ."

"ಗೊತ್ತು ಕಣೋ. ನಂಗೊತ್ತಿಲ್ವಾ? ನಿನ್ನ ಹೊತ್ತು ಹೆತ್ತಿಲ್ವಾ ನಾನು?" ಅಮ್ಮನ ಕಣ್ಣು ತುಂಬಿತ್ತು. ಇಡೀ ವಾರ ಅವಳು ಇವನನ್ನು ಸರಿಯಾಗಿ ನೋಡಿದ್ದೇ ಈಗ. "ನಂಗೋಸ್ಕರ ಒಂದ್ಸಲ ಕೇಳು."

ಅವಳು ಅವನಲ್ಲಿ ಏನನ್ನೂ ಹೀಗೆ ಬೇಡಿದವಳಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಬೇಡಿರಲಿಲ್ಲ. ಅವನು ಮಂಚದ ಪಕ್ಕ ಮೊಣಕಾಲೂರಿದ. ಮುದುಕಿಯ ಮೈಯಿಂದ ಪೌಡರಿನ, ಡೆಟಾಲಿನ ವಾಸನೆ ಬರುತ್ತಿತ್ತು. ಏನು ಹೇಳಬೇಕೆಂದು ತೋಚದೆ, ಹೊಸಬರ ಮುಂದೆ ಎಲ್ಲರೂ ಮಾಡುವ ಹಾಗೆ ಹೆಸರಿನಿಂದಲೇ ಶುರುಮಾಡಿದ.

"ನಾನು ಇನ್ನಾಸಿ. ಚೌರಪ್ಪನ ಮಗ."

"ಹೂಂ, ಗೊತ್ತು."

"ನನಗೆ ಆವತ್ತು ನೀರು ಹಾಕಿದ್ರಾ ನರ್ಸಮ್ಮ?"

ತೆರೇಜಮ್ಮ ಅವನನ್ನೇ ದಿಟ್ಟಿಸಿದರು. ಕೇಳಬಾರದ್ದನ್ನು ಕೇಳಿದನೋ ಎಂಬಷ್ಟು ಹೊತ್ತು ದಿಟ್ಟಿಸಿದರು. "ಮರ್ತುಬಿಟ್ಯಾ?" ಎಂದರು. "ಅಷ್ಟು ಅತ್ತೆ ನೀನು. ಬಾ ಇಲ್ಲಿ."

ದೊಡ್ಡ ಕೈ ಅವನ ಕತ್ತಿನ ಹಿಂದೆ ಬಂದು ತಲೆಯನ್ನು ತೊಡೆಯ ಮೇಲೆ ಮಲಗಿಸಿತು. ಅಷ್ಟು ನಿಶ್ಶಕ್ತ ದೇಹದಲ್ಲಿ ಆ ಹಿಡಿತ ಎಲ್ಲಿತ್ತೋ. ಇನ್ನೊಂದು ಕೈ ಸ್ಟೂಲಿನ ಮೇಲಿನ ಲೋಟಕ್ಕೆ ಚಾಚಿತು. ಕುಡಿಯಲು ಕೇಳುತ್ತಿದ್ದಾರೆಂದು ಸುಧಾಮಣಿ ಮುಂದೆ ಬಂದವಳು, ಆರೋಗ್ಯಮೇರಿ ಅಡ್ಡ ಕೈ ಹಿಡಿದದ್ದರಿಂದ ನಿಂತಳು. ಒಬ್ಬನಿಗೆ ಜ್ಞಾನಸ್ನಾನ ಒಂದೇ ಸಲ, ಎರಡನೆಯದಕ್ಕೆ ಅರ್ಥವಿಲ್ಲ ಎಂಬುದು ಇನ್ನಾಸಿಗೂ ಗೊತ್ತು, ಅಮ್ಮನಿಗೂ ಗೊತ್ತು. ಇಬ್ಬರೂ ಬಾಯಿ ತೆರೆಯಲಿಲ್ಲ.

ಮುದುಕಿಯ ದನಿಯಲ್ಲಿದ್ದ ಮುಪ್ಪು ಹೋಗಿತ್ತು. ಅವಸರದಲ್ಲಿರುವ, ಆದರೆ ಕೆಲಸ ಬಲ್ಲ ನರ್ಸಿನ ದನಿಯಾಗಿತ್ತು ಅದು. "ಏನು ಹೆಸರು? ಬೇಗ ಹೇಳಮ್ಮ, ಏನು ಹೆಸರು?" ಎಂದು ಯಾರೂ ಇಲ್ಲದ ಮೂಲೆಗೆ ಕೇಳಿದರು. ಕಿವಿಗೊಟ್ಟರು. ತಲೆಯಾಡಿಸಿದರು. "ಇನ್ನಾಸಿ. ಪಿತನ, ಮತ್ತು ಸುತನ, ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ." ಒಂದೊಂದು ಹೆಸರಿಗೂ ನೀರು ಬಿತ್ತು. ಅದು ಹಣೆಯ ಮೇಲಿಂದ ಹರಿದು ಅವನ ಕಿವಿಗೆ ಇಳಿಯಿತು.

ಆಮೇಲೆ ಅವರು ಅಂಗೈಯನ್ನು ಅವನ ಎದೆಯ ಮೇಲಿಟ್ಟು ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ಅವನಿಗೆ ಅರ್ಥವಾಯಿತು. ಏಕೆಂದು ತಿಳಿಯದೆ ಅವನು ಉಸಿರು ಹಿಡಿದ. ಅಂಗೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ನಂತರ ಅದು ಮೇಲೆದ್ದು, ತಮ್ಮ ಹೊದಿಕೆಯ ಅಂಚನ್ನು ಎತ್ತಿ, ಸುಕ್ಕು ಸರಿಪಡಿಸಿ, ಅವನ ಮುಖದ ಮೇಲೆ ಎಳೆಯಿತು.

ಬಟ್ಟೆಯೊಳಗೆ ಎಲ್ಲ ಬೆಳ್ಳಗಿತ್ತು. ಒದ್ದೆಯಾದ ಕಡೆ ಅದು ಹಣೆಗೆ ಅಂಟಿಕೊಂಡಿತು. ಆಚೆ ಬಳೆಗಳ ಸದ್ದಾಯಿತು, ಅಮ್ಮ ನೆಲಕ್ಕೆ ಕುಸಿದು ಕೂತದ್ದು ತಿಳಿಯಿತು.

"ಇನ್ನಾಸೀ" ಎಂದು ಅವಳು ಕರೆದಳು, ತೀರ ಚಿಕ್ಕ ಮಗುವನ್ನು ಎಬ್ಬಿಸದ ಹಾಗೆ ಕರೆಯುವ ದನಿಯಲ್ಲಿ.

ಅವನು ಓಗೊಡಲಿಲ್ಲ.